ಗಾಜು ಇಳಿಸಿದ ಎ.ಸಿ. ಕಾರು

ನಮ್ಮ ಚಿಕ್ಕಪ್ಪ ಇಡೀ ನರಸೀಪುರ ತಾಲ್ಲೂಕಿಗೇ ಎ.ಸಿ. ಹಾಕಿಸಲು ಹೊರಟಿದ್ದ ಮಹಾನುಭಾವ ಎಂದರೆ ನೀವು ನಂಬಲೇಬೇಕು! ಇದು ಸರ್ಕಾರದ ಯೋಜನೆಯಲ್ಲ, ಯಾವ ಮಂತ್ರಿಯ ಭರವಸೆಯೂ ಅಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕೊಂಡ ಒಂದು ಸೆಕೆಂಡ್ ಹ್ಯಾಂಡ್ ಬಿಳಿ ಕಾರನ್ನು ನಂಬಿಕೊಂಡು ಅವರೊಬ್ಬರೇ ಈ ಕೆಲಸಕ್ಕೆ ಕೈ ಹಾಕಿದ್ದರು. ಎ.ಸಿ.ಯ ಗುಂಡಿಯನ್ನು ಪೂರ್ತಿ ತಿರುಗಿಸುವುದು, ನಾಲ್ಕೂ ಕಿಟಕಿಯ ಗಾಜುಗಳನ್ನು ಪೂರ್ತಿ ಇಳಿಸುವುದು. ನಂಜನಗೂಡಿನ ಮನೆ ಬಿಟ್ಟರೆ ಹೆಮ್ಮಿಗೆಯ ಆಚೆ ಇರುವ ನಮ್ಮೂರು ಮುಟ್ಟುವವರೆಗೆ ಕಬ್ಬಿನ ಗದ್ದೆಗೂ, ಹುಣಸೆಮರಕ್ಕೂ, ಅಡ್ಡ ಬಂದ ಎಮ್ಮೆಗೂ ಧಾರಾಳವಾಗಿ ತಂಪು ಹಂಚುತ್ತಾ ಹೋಗುವುದು. ಒಳಗೆ ಕೂತ ನಮ್ಮ ಪಾಲಿಗೆ ಧೂಳು!

ತಿಳಿಯದೆ ಮಾಡುತ್ತಿದ್ದರೇ? ಎಲ್ಲಿಯ ಮಾತು! ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ತಂಪು ಕೋಣೆಯ ಯಂತ್ರಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಅವರು. ಕಾರು ಹತ್ತಿದವರಿಗೆಲ್ಲ ಪಾಠ ಆಗಲೇಬೇಕು.

"ಎ.ಸಿ. ಅಂದ್ರ ತಂಪ ತಂದು ಸುರಿಯಾದಲ್ಲ ಕಣ್ಲಾ, ಒಳಗಿನ ಕಾವ ಎತ್ಕಂಡೋಗಿ ಆಚ್ಗ ಎಸಿಯಾದು. ಇಂಜಿನ್ ಪಕ್ಕ ಒಂದು ಪಂಪು ಅದ, ಅದು ಗ್ಯಾಸ ಹಿಂಡ್ತದ. ಹಿಂಡುದ್ರ ಬಿಸಿ ಆಯ್ತದ. ಆ ಬಿಸಿಯ ಮುಂದ್ಗಡೆ ಜಾಲರಿ ಹತ್ರ ಗಾಳಿಗ ಬುಟ್ಬುಟ್ಟು, ಈ ಡ್ಯಾಶ್‌ಬೋರ್ಡ್ ಹಿಂದ್ಕ ಬಂದು ಸಡ್ಲ ಆದೇಟ್ಗ ತಣ್ಣಗಾಯ್ತದ. ಫ್ಯಾನು ಅದುರ್ ಮ್ಯಾಲ ಗಾಳಿ ಊದ್ತದ. ಅಷ್ಟೇಯ!"

ಗಾಳಿಯಲ್ಲಿರುವ ನೀರು ಆ ತಣ್ಣನೆಯ ಕೊಳವೆಗೆ ತಾಗಿ ಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಪಕ್ಕದ ಮನೆಯವರು ಒಮ್ಮೆ ಗಾಬರಿಯಿಂದ ಬಂದು, "ಸಾ, ನಿಮ್ ಕಾರು ಸೋರ್ತಾ ಅದೆ" ಎಂದರು. "ಸೋರ್ತಾ ಇಲ್ಲ ಬುಡಿ, ನಿಮ್ ಬೀದಿ ಗಾಳಿಯ ಒಗ್ದು ಹಿಂಡ್ತಾ ಅದೆ" ಎಂದರು ಚಿಕ್ಕಪ್ಪ. ಆ ಮನೆಯವರು ಮತ್ತೆಂದೂ ನಮ್ಮ ಕಾರಿನ ಕ್ಷೇಮ ವಿಚಾರಿಸಲಿಲ್ಲ.

ಈ ಪಾಂಡಿತ್ಯಕ್ಕೆ ಬಲಿಯಾದವನು ನಾನೇ. ಮೂಗೂರಿನಲ್ಲಿ ನನಗೊಂದು ಹೆಣ್ಣು ನೋಡುವ ಶಾಸ್ತ್ರವಿತ್ತು. ಏಪ್ರಿಲ್ ತಿಂಗಳು, ನೆತ್ತಿ ಒಡೆಯುವ ಬಿಸಿಲು. ಅರ್ಧ ದಾರಿಯಲ್ಲಿ ಇಂಜಿನ್ ಕಾವಿನ ಮುಳ್ಳು ಮೇಲಕ್ಕೆದ್ದಿತು. ಚಿಕ್ಕಪ್ಪ ಎ.ಸಿ. ಆರಿಸಿದರು. ಸರಿ. ಆಮೇಲೆ ಹೀಟರ್ ಹಾಕಿದರು! ಅದೂ ಪೂರ್ತಿ!

"ನಿಮ್ಗೇನು ತಲ ಕೆಟ್ಟದಾ?" ಎಂದು ಚಿಕ್ಕಮ್ಮ ಕಿರುಚಿದರು.

"ಸುಮ್ಕಿರು. ಇಂಜಿನ್ ಕುದಿಸಿದ ನೀರೇ ಹೀಟರ್‌ಗೂ ಬರಾದು. ಫ್ಯಾನು ಆ ಕಾವ ಎಳ್ಕಂಡು ನಮ್ ಕಡಿಕ ಊದ್ತದ. ಇಂಜಿನ್ ಉಳ್ಕತದ."

ಇಂಜಿನ್ ಉಳಿಯಿತು. ಬೆಂದವರು ನಾವು! ಇಸ್ತ್ರಿ ಹಾಕಿದ ಅಂಗಿ ಮೈಗಂಟಿ, ಮುಖ ಕೆಂಪಗಾಗಿ ನಾನು ಇಳಿದಾಗ ಹೆಣ್ಣಿನ ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಹುಡ್ಗನ್ಗ ಆಗಾಗ ಹಿಂಗ್ ಜ್ವರ ಬತ್ತದಾ?" ಸಂಬಂಧ ಅಲ್ಲೇ ಆವಿಯಾಯಿತು.

ಅದಿರಲಿ. ಇಷ್ಟೆಲ್ಲ ಬಲ್ಲವರು ಗಾಜು ಇಳಿಸಿ ಎ.ಸಿ. ಹಾಕುವುದೇಕೆ? ಒಂದು ದಿನ ಕೇಳಿಯೇಬಿಟ್ಟೆ.

ನಮ್ಮದು ಊರಾಚೆಯ ಕೇರಿ. ಅಲ್ಲಿಗೆ ಹೋಗಬೇಕೆಂದರೆ ಗೌಡರ ದೊಡ್ಡ ಬೀದಿಯನ್ನು ಹಾಯಬೇಕು. ಆ ಬೀದಿ ಬಂತೆಂದರೆ ನಮ್ಮ ತಾತ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ನಡೆಯಬೇಕಿತ್ತು. ಅವರ ಮಗ ಅದೇ ಬೀದಿಗೆ ಕಾರಿನಲ್ಲಿ ಬಂದ ಮೊದಲ ದಿನ ಆ ಕಪ್ಪು ಗಾಜುಗಳು ಏರಿಸಿಯೇ ಇದ್ದವಂತೆ.

"ಯಾರೋ ಸಾವ್ಕಾರ ಬಂದ ಅನ್ಕಂಡು ಜಗಲಿ ಮ್ಯಾಲ ಕುಂತಿದ್ದೋರೆಲ್ಲ ಎದ್ದು ಕೈ ಮುಗುದ್ರು ಕಣ್ಲಾ. ಮಾತಾಡ್ಸವಾ ಅಂತ ಗಾಜು ಇಳುಸ್ದೆ. ಗಾಜಿನ್ ಜೊತ್ಗೇ ಅವ್ರ ಕೈಯೂ ಇಳೀತು." ಚಿಕ್ಕಪ್ಪ ನಕ್ಕರು. ಆ ನಗುವಿನಲ್ಲಿ ನಗು ಇರಲಿಲ್ಲ. "ಅವತ್ತಿಂದ ಇಳುಸ್ಕಂಡೇ ಓಗಾದು. ಯಾರು ಅಂತ ಮೊದ್ಲೇ ಗೊತ್ತಾಗ್ಲಿ."

"ಹಾಗಾದ್ರೆ ಎ.ಸಿ. ಯಾಕೆ?"

"ನನ್ ಕಾರು, ನನ್ ಎ.ಸಿ. ಯಾರ್ ಅಪ್ಪಣೆ ಕೇಳ್ಲಿ?"

ಕೆಲವು ವರ್ಷಗಳ ನಂತರ ನಾವಿಬ್ಬರೂ ಊರಿನಲ್ಲಿದ್ದ ಒಂದು ಬೆಳಿಗ್ಗೆ ಆ ಬೀದಿಯ ಹಿರಿಯ ಗೌಡರ ಮಗ ನಮ್ಮ ಕೇರಿಯ ಬಾಯಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ. "ಅಪ್ಪಾರ್ಗೆ ಎದೆ ನೋವು. ಬಸ್ಸು ಒಂಟೋಯ್ತು. ನಿಮ್ ಕಾರು..." ಎಂದು ಅಲ್ಲಿಂದಲೇ ಕೂಗಿದ. ಚಿಕ್ಕಪ್ಪ ಬೀಗದ ಕೈ ತೆಗೆದುಕೊಂಡರು.

ಗೌಡರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆವು. ನಾನೂ ಅವರ ಮಗನೂ ಹಿಂದೆ. ಕಾರು ಹೊರಟಿತು. ಜಗಲಿಗಳ ಮೇಲೆ ಜನ. ಗೌಡರು ಎದೆ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು: "ಗಾಜು ಏರುಸ್ಬುಡಪ್ಪ. ಧೂಳು."

ಧೂಳು! ಆ ಬೀದಿಗೆ ಕಾಂಕ್ರೀಟ್ ಬಿದ್ದು ವರ್ಷವಾಗಿತ್ತು!

ಚಿಕ್ಕಪ್ಪ ಗಾಜು ಏರಿಸಿದರು. ಆಮೇಲೆ ಡ್ಯಾಶ್‌ಬೋರ್ಡಿನ ಒಂದು ಕಡ್ಡಿಯ ಮೇಲೆ ಬೆರಳಿಟ್ಟರು.

"ಗೌಡ್ರೇ, ಒಂದ್ ಮಾತು ಯೋಳ್ಬುಡ್ತೀನಿ. ಇದ ಬಲಕ್ಕ ತಳ್ಳುದ್ರ ಆಚ ಗಾಳಿ ಬತ್ತದ, ಅದ್ರ ಜೊತ್ಗ ನೀವ್ ಯೋಳ್ದ ಧೂಳೂ ಬತ್ತದ. ಎಡಕ್ಕ ತಳ್ಳುದ್ರ ಆಚಿಂದ ಬರಾದು ಬಂದ್. ಒಳಗಿನ ಗಾಳಿನೇ ಸುತ್ತಿ ಸುತ್ತಿ ಬತ್ತದ. ನಾನ್ ಬುಟ್ಟ ಉಸ್ರ ನೀವ್ ಎಳ್ಕಬೇಕು, ನೀವ್ ಬುಟ್ಟದ್ದ ನಾನು. ಎತ್ಲಾಗ್ ತಳ್ಳಲಿ?"

ಗೌಡರು ಹೊರಗಿನ ಜಗಲಿಗಳನ್ನು ನೋಡಿದರು. ಕಡ್ಡಿಯನ್ನು ನೋಡಿದರು.

"ಎಡಕ್ಕೇ ತಳ್ಳು," ಎಂದರು.

ನೋಡಿದಿರಾ? ಯಾರ ಕಣ್ಣಿಗೂ ಬೀಳುವುದಿಲ್ಲ ಎಂದಾದರೆ ನಮ್ಮ ಉಸಿರೂ ನಡೆಯುತ್ತದೆ! ನರಸೀಪುರದವರೆಗೂ ಆ ಮಾತನ್ನೇ ಮೆಲುಕು ಹಾಕುತ್ತಾ ಕೂತಿದ್ದೆ. ಕೇರಿಗೆ ಮರಳಿ ಇದನ್ನು ಯಾರ್ಯಾರಿಗೆ ಹೇಗೆ ಬಣ್ಣಿಸಬೇಕೆಂದು ಮನಸ್ಸಿನಲ್ಲೇ ತಾಲೀಮು ನಡೆದಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತು. ಮಗ ಸ್ಟ್ರೆಚರ್ ತರಲು ಒಳಗೆ ಓಡಿದ. ಗೌಡರು ಇಳಿಯಲು ಕಾಲು ಹೊರಗಿಟ್ಟರು, ಆಗಲಿಲ್ಲ. ಚಿಕ್ಕಪ್ಪ ಸುತ್ತಿ ಬಂದು ಆ ಸಿಮೆಂಟಿನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತರು. ಗೌಡರ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದು ಉಜ್ಜತೊಡಗಿದರು. ಸ್ಟ್ರೆಚರ್ ಬರುವವರೆಗೂ ಬಿಡಲಿಲ್ಲ.

ಗೌಡರನ್ನು ಒಳಗೆ ಒಯ್ದ ಮೇಲೆ ಚಿಕ್ಕಪ್ಪ ಬಂದು ಕಾರಿನಲ್ಲಿ ಕೂತರು. ನನಗೆ ಸಿಟ್ಟು ನೆತ್ತಿಗೇರಿತ್ತು.

"ಅವ್ರ ಕಾಲು ಯಾಕ್ ಮುಟ್ದೆ ಚಿಕ್ಕಪ್ಪ? ಅದೂ ಎಲ್ಲಾರ್ ಮುಂದೆ!"

ಅವರು ಬೀಗದ ಕೈ ಹಾಕಿ, ತಿರುಗಿಸದೆ ಕೈ ತೆಗೆದರು.

"ತಣ್ಣಗಾಗಿತ್ತು ಕಣ್ಲಾ. ನಮ್ಮಪ್ಪ ತೀರ್ಕಂಡಾಗ ನಾನು ಡ್ಯೂಟಿಲಿದ್ದೆ. ಬರಾಷ್ಟ್ರಲ್ಲಿ ಅಪ್ಪನ್ ಪಾದ ಹಿಂಗೇ ಆಗ್ಬುಟ್ಟಿತ್ತು. ಉಜ್ದೆ, ಉಜ್ದೆ... ಬೆಚ್ಚಗಾಗ್ಲೇ ಇಲ್ಲ."

ತಮ್ಮ ಅಂಗೈಗಳನ್ನು ಮಗುಚಿ ನೋಡಿಕೊಂಡರು.

"ಇವ್ರದು ಬೆಚ್ಚಗಾಯ್ತು."