ಎರಡು ಕಿಲೋ ನೀರಿನ ಲೆಕ್ಕ

ಇನ್‌ಸ್ಪೆಕ್ಟರ್ ಸಾಹೇಬರು ಬರುವ ದಿನವೇ ಭೌತಶಾಸ್ತ್ರದ ಮೇಷ್ಟ್ರ ಗಂಟಲು ಕಟ್ಟಿತು. ಸಾಹೇಬರು ನೋಡಬೇಕೆಂದಿದ್ದದ್ದೂ ಅವರ ಪಾಠವನ್ನೇ. ಸ್ಟಾಫ್ ರೂಮಿನಲ್ಲಿ ಆ ಹೊತ್ತಿಗೆ ಬಿಡುವಾಗಿ ಕೂತಿದ್ದವರು ಡ್ರಾಯಿಂಗ್ ಮೇಷ್ಟ್ರೊಬ್ಬರೇ.

"ನೀವೇ ಹೋಗಿ," ಎಂದರು ಹೆಡ್ಮಾಸ್ಟರು.

"ನಾನು ಮಕ್ಕಳ ಕೈಲಿ ಹೂಜಿ ಬರೆಸೋನು ಸಾರ್!"

"ಹೂಜಿ ಒಳಗೂ ನೀರೇ ಇರೋದು. ಪಾಠವೂ ನೀರು ಕಾಯಿಸೋದೇ. ನಡೀರಿ."

ಗಣಿತದ ಮೇಡಂ ಕಾರಿಡಾರಿನಲ್ಲಿ ಜೊತೆಗೇ ಓಡುತ್ತ ಹೇಳಿಕೊಟ್ಟರು. "ತೂಕ, ವಿಶಿಷ್ಟೋಷ್ಣ, ಎಷ್ಟು ಡಿಗ್ರಿ ಏರ್ತು ಅನ್ನೋದು. ಮೂರನ್ನೂ ಗುಣಿಸಿದ್ರೆ ಬೇಕಾದ ಶಾಖ ಸಿಗುತ್ತೆ. ನೀರಿನ ವಿಶಿಷ್ಟೋಷ್ಣ ನಾಲ್ಕು ಸಾವಿರದ ಇನ್ನೂರು. ಅಷ್ಟೇ!"

"ಹೆದರ್ಬೇಡಿ," ಎಂದು ಡ್ರಿಲ್ ಮೇಷ್ಟ್ರು ಬೆನ್ನು ತಟ್ಟಿದರು. "ಹೋದ ಸಲ ಈ ಸಾಹೇಬರು ಸಸ್ಪೆಂಡ್ ಮಾಡಿದ್ದು ಒಬ್ಬರನ್ನೇ."

ಸಾಹೇಬರು ಕೊನೆಯ ಬೆಂಚಿನಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದರು. ಡ್ರಾಯಿಂಗ್ ಮೇಷ್ಟ್ರು ಹೊತ್ತು ಕಳೆಯಲೆಂದು ಬೋರ್ಡಿನ ಮೇಲೆ ಒಲೆ ಬರೆದರು, ಪಾತ್ರೆ ಬರೆದರು, ಹಬೆಯನ್ನು ಎಳೆ ಎಳೆಯಾಗಿ ಬರೆದರು. ಸಾಹೇಬರು ಕೆಮ್ಮಿದರು. ಹಬೆ ಅಲ್ಲಿಗೇ ನಿಂತಿತು.

"ಎರಡು ಕಿಲೋ ನೀರು ಮೂವತ್ತರಿಂದ ಎಂಬತ್ತು ಡಿಗ್ರಿಗೆ ಕಾಯ್ಬೇಕು. ಅಂದ್ರೆ ಐವತ್ತು ಏರ್ಬೇಕು. ಎರಡು ಗುಣಿಲೆ ನಾಲ್ಕು ಸಾವಿರದ ಇನ್ನೂರು ಗುಣಿಲೆ ಐವತ್ತು. ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಜೂಲ್!"

ಸಾಹೇಬರು ಎದ್ದು ನಿಂತರು. "ನೀರಿನ ಬದಲು ಅಷ್ಟೇ ಎಣ್ಣೆ ಇಟ್ರೆ?"

ಮೇಡಂ ಎಣ್ಣೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಮೇಷ್ಟ್ರಿಗೆ ನೆನಪಾದದ್ದು ಮನೆಯ ಒಲೆಯೊಂದೇ.

"ಅಷ್ಟು ಶಾಖ ಬೇಡ ಸಾರ್. ನೀರಿಟ್ಟು ಪೇಪರ್ ಓದ್ಬಹುದು. ಎಣ್ಣೆ ಇಟ್ಟು ಆಚೆ ಈಚೆ ನೋಡಿದ್ರೆ ಅಡುಗೆಮನೆ ತುಂಬ ಹೊಗೆ, ಆಮೇಲೆ ಹೆಂಡತಿ..."

ಮಕ್ಕಳು ಘೊಳ್ಳೆಂದರು. ಸಾಹೇಬರು ನಗಲಿಲ್ಲ. ಕೆಂಪು ಪೆನ್ನಿನಲ್ಲಿ ಉದ್ದಕ್ಕೆ ಏನೋ ಗೀಚಿಕೊಂಡು ಹೊರಟುಹೋದರು.

ಮಧ್ಯಾಹ್ನ ಮೇಷ್ಟ್ರು ಊಟದ ಡಬ್ಬಿಯನ್ನು ತೆರೆಯದೆ ಪಕ್ಕಕ್ಕೆ ಸರಿಸಿದರು. ಸಸ್ಪೆಂಡ್ ಸುದ್ದಿಯನ್ನು ಮನೆಯಲ್ಲಿ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ನಾಲ್ಕು ಬಗೆಯಲ್ಲಿ ಹೇಳಿ ನೋಡಿಕೊಂಡರು. ಮೂರು ಗಂಟೆಗೆ ಹೆಡ್ಮಾಸ್ಟರ ಕರೆ ಬಂತು.

"ಸಾಹೇಬರ ಆರ್ಡರ್ ಬಂದಿದೆ."

"ಎಷ್ಟು ದಿನ ಸಾರ್?"

"ಮೂರು."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಮೂರೇ ದಿನ ತಾನೇ, ಹೇಗೋ ಕಳೆದೀತು.

"ಇಂಥ ಪಾಠ ಎಲ್ಲೂ ಕೇಳಿಲ್ಲ ಅಂದ್ರು ರೀ! ನಾಳೆಯಿಂದ ಮೂರು ದಿನ, ನಲವತ್ತು ಶಾಲೆಯ ಭೌತಶಾಸ್ತ್ರದ ಮೇಷ್ಟ್ರುಗಳಿಗೆ ನಿಮ್ಮಿಂದ್ಲೇ ತರಬೇತಿ. ಮೊದಲ ಪಾಠ ಗುಪ್ತೋಷ್ಣ."

ಮೇಷ್ಟ್ರು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಸಾರ್... ಗುಪ್ತೋಷ್ಣ ಅಂದ್ರೇನು?"

ಹೆಡ್ಮಾಸ್ಟರು ಮೇಜು ಕುಟ್ಟಿ ನಕ್ಕರು. "ಸಾಹೇಬರು ಆಗ್ಲೇ ಅಂದ್ರು, ಈ ಮನುಷ್ಯ ಏನೂ ಗೊತ್ತಿಲ್ಲದೋರ ಥರ ಪಾಠ ಶುರು ಮಾಡ್ತಾರೆ, ಅದೇ ಇವರ ಸ್ಪೆಷಾಲಿಟಿ ಅಂತ!"