ಕಬ್ಬಿಣದ ಕಿಟಕಿಗೆ ಬಿದಿರ ಪರದೆ

ನಮ್ಮ ಮನೆಯ ಕಿಟಕಿಗೆ ಪರದೆ ಕಟ್ಟಿದ ವಿಷಯದಲ್ಲಿ ನಿಜವಾಗಿ ನಡೆದದ್ದು ಇಷ್ಟೇ: ಒಬ್ಬ ಬಾಣಂತಿ ಮಧ್ಯಾಹ್ನ ಎರಡು ಗಳಿಗೆ ಕಣ್ಣು ಮುಚ್ಚಬೇಕಾಗಿತ್ತು, ಮನೆ ತುಂಬ ತಿಳಿದವರು ಸೇರಿಕೊಂಡು ಮೂರು ವಾರ ಮುಚ್ಚಲು ಬಿಡಲಿಲ್ಲ. ಉಳಿದದ್ದೆಲ್ಲ ಬರೀ ಸದ್ದು. ನನ್ನ ಮಗ ಇದೇ ಸಂಗತಿಯನ್ನು ಬೇರೆ ಥರ ಹೇಳುತ್ತಾನೆ. ಅದರಲ್ಲಿ ಬಿಸಿಲು ಬರುತ್ತದೆ, ಗಾಳಿ ಬರುತ್ತದೆ, ಬಿದಿರು ಹೆಣೆದವನ ತಪ್ಪು ಬರುತ್ತದೆ, ಅವನೊಬ್ಬ ಮಾತ್ರ ಬರುವುದಿಲ್ಲ. ನಾನು ಮಠದಲ್ಲಿ ಅಕ್ಷರ ಕಲಿತದ್ದು ಎರಡು ವರ್ಷ. ಮೂರನೆಯ ವರ್ಷ ಮನೆಯಲ್ಲಿ ಎಮ್ಮೆ ಕರು ಹಾಕಿತು, ನೋಡಿಕೊಳ್ಳುವವರು ಬೇಕು ಎಂದು ನನ್ನನ್ನು ಬಿಡಿಸಿದರು. ಹಾಗಾಗಿ ಸುಳ್ಳನ್ನು ಅಂದವಾಗಿ ಬರೆಯುವಷ್ಟು ವಿದ್ಯೆ ನನಗಿಲ್ಲ.

ಹೊಸ ಪೈಸೆ ಬಂದು ಸಂತೆಯಲ್ಲಿ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದ ವರ್ಷ ಅದು. ಚಾಮರಾಜನಗರದ ನಮ್ಮ ಮನೆಯಲ್ಲಿ ಬಚ್ಚಲಿಗೆ ಅಂಟಿಕೊಂಡಂತೆ ಒಂದು ಬಾಣಂತಿ ಕೋಣೆಯಿದೆ. ಆ ಕೋಣೆಗೆ ಮೊದಲು ಕಿಟಕಿ ಎಂಬುದೇ ಇರಲಿಲ್ಲ. ಮೇಲೆ ಅಂಗೈಯಗಲದ ಒಂದು ಗವಾಕ್ಷಿ, ಬೆಕ್ಕು ಓಡಾಡಲಿಕ್ಕೆ. ಐದು ಮಕ್ಕಳನ್ನು ನಾನು ಆ ಕತ್ತಲಲ್ಲೇ ಹೆತ್ತೆ. ಯಾವುದೂ ದಾರಿ ತಪ್ಪಲಿಲ್ಲ. ಕೊನೆಯವಳು ಗೌರಮ್ಮಣ್ಣಿ, ಗುಂಡ್ಲುಪೇಟೆಗೆ ಕೊಟ್ಟವಳು, ಚೊಚ್ಚಲ ಹೆರಿಗೆಗೆ ಬರುತ್ತಾಳೆ ಎಂದಾಗ ನನ್ನ ದೊಡ್ಡ ಮಗ ಮಾದಪ್ಪನಿಗೆ ಇದ್ದಕ್ಕಿದ್ದಂತೆ ಗಾಳಿ ಬೆಳಕಿನ ಚಿಂತೆ ಹತ್ತಿತು. ಅವನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಕಚೇರಿಯಲ್ಲಿ ಕೂತವರಿಗೆ ಮನೆಯಲ್ಲಿ ಗಾಳಿ ಕಡಿಮೆ ಎನಿಸುವುದು ಸಹಜ. ಬೀದಿ ಕಡೆಯ ಗೋಡೆ ಒಡೆಸಿ, ಮೈಸೂರಿನಿಂದ ರೈಲಿನಲ್ಲಿ ತರಿಸಿದ ಕಬ್ಬಿಣದ ಚೌಕಟ್ಟಿನ ಗಾಜಿನ ಕಿಟಕಿಯನ್ನು ಕೂರಿಸಿದ.

“ಇದು ಈಗಿನ ಕಾಲದ್ದು ಕಣವ್ವ. ಗೆದ್ಲು ಇಡಿಯಲ್ಲ, ಮಳೇಗೆ ಉಬ್ಬಲ್ಲ” ಎಂದ.

“ಮರದ ಬಾಗ್ಲು ಎಲ್ಲಪ್ಪ ಇದ್ಕೆ?”

“ಗಾಜೇ ಬಾಗ್ಲು.”

“ಮುಚ್ಚುದ್ರೂ ಒಳಗಿರೋದೆಲ್ಲ ಕಾಣ್ತದಲ್ಲೊ!”

“ಕಾಣ್ಲಿ ಅಂತ್ಲೇ ಗಾಜು ಆಕೋದು ಕಣವ್ವ” ಎಂದು ನಕ್ಕ. ನನ್ನ ದಡ್ಡತನಕ್ಕೆ ನಕ್ಕದ್ದು. ನಗುವವರು ನಗಲಿ, ಆ ಕೋಣೆಯಲ್ಲಿ ಮಲಗುವವನು ಅವನಲ್ಲವಲ್ಲ.

ಗೌರಮ್ಮಣ್ಣಿಗೆ ಹೆಣ್ಣು ಮಗುವಾಯಿತು. ನಮ್ಮ ಮನೆಯಲ್ಲಿ ಬಾಣಂತಿಯ ಮಂಚ ಹಾಕುವುದು ನೀರೊಲೆಯ ಗೋಡೆಗೆ ಆನಿಸಿ. ಗೋಡೆಯ ಆಚೆ ಹಂಡೆ ಕಾಯುತ್ತಿದ್ದರೆ ಈಚೆ ಬೆನ್ನಿಗೆ ಹಿತವಾದ ಕಾವು. ನನ್ನ ಅತ್ತೆ ಮಾಡಿದ ಕಟ್ಟಳೆ ಅದು. ಈ ಹೊಸ ಕಿಟಕಿ ಕೂತದ್ದು ಸರಿಯಾಗಿ ಅದರ ಎದುರು, ಪಡುವಣಕ್ಕೆ. ಮಧ್ಯಾಹ್ನ ಮೂರಾದರೆ ಸಾಕು, ಬಿಸಿಲು ನೇರವಾಗಿ ಬಂದು ತಾಯಿ ಮಗಳ ಮುಖದ ಮೇಲೆ ಕೂರುತ್ತಿತ್ತು. ಬಿಸಿಲಾದರೂ ಮಾತಾಡುವುದಿಲ್ಲ. ಬೀದಿಯವರು ಮಾತಾಡುತ್ತಿದ್ದರು. ಎದುರುಮನೆಯ ಚೆನ್ನಾಜಮ್ಮ ಗಾಜಿಗೆ ಮೂಗು ಒತ್ತಿ, “ಕೂಸು ಯಾರ ತರ ಅದೆ ಕಣಮ್ಮಿ? ಈ ಕಡೆ ತಿರುಗ್ಸು, ನೋಡನ” ಎನ್ನುವಳು. ಸಂತೆಗೆ ಬಂದ ಹರವೆಯವರು, ಹರದನಹಳ್ಳಿಯವರು, ನಮಗೆ ಏನೂ ಆಗದವರು, ಗಾಜಿನ ಕಿಟಕಿ ನೋಡಲು ನಿಂತು ಅದರೊಳಗಿನ ಬಾಣಂತಿಯನ್ನೂ ನೋಡಿಕೊಂಡು ಹೋಗುವರು. ಹುಡುಗಿ ಗೋಡೆಗೆ ತಿರುಗಿ ಮಗುವಿಗೆ ಹಾಲು ಕೊಡಬೇಕು. ಮಗು ಅರ್ಧ ಕುಡಿದು ಅರಚಬೇಕು. ಹಗಲು ನಿದ್ದೆಯಿಲ್ಲ. ಕಣ್ಣು ಗುಳಿ ಬಿತ್ತು.

ಒಂದು ದಿನ ಎಣ್ಣೆ ಒತ್ತಿಸಿಕೊಳ್ಳುತ್ತಾ ಅಂದಳು: “ಅವ್ವ, ಇನ್ನು ಎರಡು ವಾರ ನೋಡ್ತೀನಿ. ಆಮ್ಯಾಕೆ ಗುಂಡ್ಲುಪೇಟೆಗೆ ಓಯ್ತೀನಿ. ಅಲ್ಲಿ ಕತ್ಲೆನಾದ್ರೂ ಅದೆ.”

ಮೂರು ತಿಂಗಳು ತುಂಬದೆ ಬಾಣಂತಿ ತವರು ಬಿಡುವುದೇ? ಅದೂ ಗುಳಿಬಿದ್ದ ಕಣ್ಣು ಹೊತ್ತುಕೊಂಡು? ಗುಂಡ್ಲುಪೇಟೆಯ ನನ್ನ ಬೀಗಿತಿ ಊರಿಗೆಲ್ಲ ಕೇಳುವ ಹಾಗೆ, “ಪಾಪ, ತವರಲ್ಲಿ ನೆರಳಿಗೂ ಗತಿ ಇರ್ನಿಲ್ಲ” ಎನ್ನುತ್ತಾಳೆ. ಆಕೆಯ ಬಾಯಿಗೆ ನಾನೇ ಎಲೆ ಅಡಿಕೆ ಕೊಟ್ಟ ಹಾಗಾಗುತ್ತದೆ.

ಮಾದಪ್ಪನನ್ನು ಕರೆದು, ಆ ಕಿಟಕಿಗೆ ಹಳೇ ಕಂಬಳಿ ಕಟ್ಟು ಎಂದೆ. “ಇಂಗ್ಲಿಷ್ ಕಿಟಕಿಗೆ ಕಂಬ್ಳಿನಾ? ಛತ್ರ ಅನ್ಕೋತಾರೆ” ಎಂದ. ಒಳ್ಳೆಯ ಪರದೆಯನ್ನೇ ಹಾಕುತ್ತೇನೆಂದು ಸುತ್ತಿಗೆ ತಂದು ಚೌಕಟ್ಟಿಗೆ ಮೊಳೆ ಹೊಡೆದ. ಮೊಳೆ ಬಾಗಿತು. ಇನ್ನೊಂದು ಹೊಡೆದ, ಅದೂ ಬಾಗಿತು. ಮೂರನೆಯದು ಹಾರಿ ಸಾಂಬ್ರಾಣಿ ಹಾಕಿದ್ದ ಕೆಂಡಕ್ಕೆ ಬಿತ್ತು. ಆಮೇಲೆ ಯೋಚಿಸಿ, “ಅವ್ವ, ಇದು ಕಬ್ಣ” ಎಂದ. ತಂದವನೇ ಅವನು! ಚೌಕಟ್ಟು ಬಿಟ್ಟು ಗೋಡೆಗೆ ಹೊಡೆದ. ನಮ್ಮದು ಮಣ್ಣಿನ ಗೋಡೆ. ಮೊಳೆಯ ಜೊತೆ ಒಂದು ಮಂಕರಿ ಮಣ್ಣೂ ಕೆಳಗಿಳಿಯಿತು.

ಮಾರನೆಯ ದಿನ ಕಚೇರಿಯಿಂದ ಹಳೆಯ ಪೇಪರು ತಂದು, ರಾಗಿ ಅಂಬಲಿಯ ಅಂಟು ಹಚ್ಚಿ ಗಾಜಿಗೆಲ್ಲ ಅಂಟಿಸಿದ. ಕೋಣೆ ತಂಪಾಯಿತು. ನಾನೂ ಪರವಾಗಿಲ್ಲ ಎಂದುಕೊಂಡೆ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಅಂಟಿಸಿದವನು ಅಕ್ಷರ ಬಲ್ಲವನು ನೋಡಿ, ಒಂದು ಹಾಳೆಯೂ ತಲೆಕೆಳಗಾಗದಂತೆ ನೀಟಾಗಿ ಅಂಟಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಆರು ಜನ ನಿಂತು ಓದುತ್ತಿದ್ದರು. ಒಬ್ಬ ಓದು ಬಾರದವರಿಗೆ ಕೂಗಿ ಓದಿ ಹೇಳುತ್ತಿದ್ದ. ಮೊದಲು ಬಾಣಂತಿಯನ್ನು ಬರೀ ನೋಡುತ್ತಿದ್ದರು. ಈಗ ಅವಳ ಕಿವಿಯ ಹತ್ತಿರ ದೇಶದ ಸಮಾಚಾರವೆಲ್ಲ. ಹಿರಿಯರೊಬ್ಬರು ಗಾಜು ತಟ್ಟಿ, “ಅಮ್ಮಾ, ಇದರ ಮುಂದಿನ ಪುಟ ಯಾವ ಕಡೆ ಅಂಟಿಸವ್ರೆ?” ಎಂದು ಕೇಳಿದರು. ನಾನು ಹಾಳೆಗಳನ್ನು ಕಿತ್ತು ಒಲೆಗೆ ಹಾಕಿದೆ. ಅವರು ಬೇಜಾರು ಮಾಡಿಕೊಂಡು ಹೋದರು.

ಆಮೇಲೆ ಮಾದಪ್ಪ ಭಾವಮೈದುನನಿಗೆ ಕಾಗದ ಬರೆದ. ನನ್ನ ಅಳಿಯ ಗುರುಸಿದ್ದಪ್ಪ ಗುಂಡ್ಲುಪೇಟೆ ಕಡೆ ರಸ್ತೆ ಕೆಲಸದ ಓವರ್ಸಿಯರು. ರಸ್ತೆ ಮಾಡುವವರು ನೆಟ್ಟಗೆ ಇರುತ್ತಾರೆ ಎಂದು ನಾನೂ ನಂಬಿದ್ದೆ. ಮೇದರಿಂದ ಬಿದಿರಿನ ಪರದೆ ಹೆಣೆಸಿ, ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಸೀಳಿದ ಎಳೆ ಬೆರಳಷ್ಟು ಸಣ್ಣ. ಹಗ್ಗ ಎಳೆದರೆ ಸುರುಳಿ ಸುತ್ತಿ ಮೇಲೆ ಹೋಗುತ್ತದೆ, ಬಿಟ್ಟರೆ ಇಳಿಯುತ್ತದೆ. “ಗೋಪಾಲಸ್ವಾಮಿ ಬೆಟ್ಟದ ಮಂಜಿಗೂ ಜಗ್ಗಲ್ಲ ಅತ್ತೆ ಈ ಬಿದಿರು” ಎಂದರು. ನಮ್ಮ ಬಾಣಂತಿಗೆ ಮಂಜಿನ ಕಾಟವಿರಲಿಲ್ಲ, ಆದರೂ ಅಳಿಯಂದಿರು, ಹೂಂ ಎಂದೆ. ಒಳಗೆ ಮೊಳೆ ನಿಲ್ಲುವುದಿಲ್ಲವಲ್ಲ, ಹೊರಗೆ ಸೂರಿನ ತೊಲೆಗೆ ಕಟ್ಟೋಣ ಎಂದರು. ಮಾದಪ್ಪ ಏಣಿ ಹಿಡಿದ, ಅಳಿಯಂದಿರು ಹತ್ತಿದರು. ಕಟ್ಟಿದರು, ಎಳೆದು ನೋಡಿದರು, ಬಿಟ್ಟು ನೋಡಿದರು, ಬೆನ್ನು ತಟ್ಟಿಕೊಂಡು ಕಾಫಿ ಕುಡಿದರು.

ಹಗ್ಗ ಬೀದಿಯಲ್ಲಿತ್ತು.

ಒಳಗಿದ್ದವರಿಗೆ ಎಟುಕದ ಹಗ್ಗ ಊರಿಗೆಲ್ಲ ಎಟುಕುತ್ತಿತ್ತು. ಚೆನ್ನಾಜಮ್ಮ ಬಂದವಳೇ ಸರ್ರನೆ ಎಳೆದು, “ಮಲಗಿದ್ಯೇನಮ್ಮಿ?” ಎಂದು ವಿಚಾರಿಸಿ, ಮಲಗಿದ್ದರೆ ಎಬ್ಬಿಸಿ, ಮಾತಾಡಿ, ಮತ್ತೆ ಇಳಿಸಿ ಹೋಗುವಳು. ಮರ್ಯಾದೆ ಇಲ್ಲದವರು ಹಗ್ಗವನ್ನು ಕಂಬಕ್ಕೆ ಸುತ್ತಿ, ಇಳಿಸದೆಯೇ ಹೋಗುವರು. ಹೋಗುವವರು ಬರುವವರೆಲ್ಲ ಆ ಹಗ್ಗವನ್ನು ಒಂದು ಸಲ ಎಳೆದು, ಇದು ಹೇಗೆ ಮೇಲೇರುತ್ತದೆ ಎಂದು ಪರೀಕ್ಷೆ ಮಾಡದೆ ದಾಟುತ್ತಿರಲಿಲ್ಲ. ನನ್ನ ಮಗಳು ಸಿಡಿಮಿಡಿ ಎನ್ನಲಿಲ್ಲ, ಅಳಲಿಲ್ಲ. ಟ್ರಂಕಿಗೆ ಸೀರೆ ಮಡಿಸಿ ಇಟ್ಟಳು. ನಾಳೆ ಬೆಳಗಿನ ಬಸ್ಸಿಗೆ ಗಂಡನ ಜೊತೆ ಹೊರಡುವುದೆಂದು ಗೊತ್ತಾಯಿತು.

ಆ ಮಧ್ಯಾಹ್ನ ಅಳಿಯ, ಮಗ ಇಬ್ಬರೂ ಬೀದಿಯಲ್ಲಿ ನಿಂತು, ಗೋಡೆಗೆ ತೂತು ಕೊರೆದು ಹಗ್ಗವನ್ನು ಒಳಗೆ ತರುವುದು ಹೇಗೆಂದು ನೆಲದ ಮೇಲೆ ಗೀಟು ಎಳೆಯುತ್ತಿದ್ದರು. ಒಳಗೆ ದರದರ ಸದ್ದಾಯಿತು. ಹೋಗಿ ನೋಡಿದರೆ ಗೌರಮ್ಮಣ್ಣಿ ಕಿವಿಗೆ ಬಟ್ಟೆ ಬಿಗಿದುಕೊಂಡು ಮಂಚ ಎಳೆಯುತ್ತಿದ್ದಾಳೆ!

“ಬುಡಮ್ಮಿ! ಸೊಂಟ ಇಡ್ಕತದೆ!”

“ಅಂಗಾರೆ ನೀನು ಆ ಕಡೆ ಇಡ್ಕೊ.”

“ಎಲ್ಲಿಗೆ?”

“ಕಿಟಕಿ ಬುಡಕ್ಕೆ. ಗೋಡೆಗೆ ಅಂಟಿ ಮಲಗುದ್ರೆ ಬಿಸ್ಲು ತಲೆ ಮ್ಯಾಲೆ ಓಯ್ತದೆ. ಬೀದಿಯೋರ್ಗೂ ಕಾಣಲ್ಲ.”

“ನೀರೊಲೆ ಗೋಡೆ ಬುಟ್ಟಾ? ಬೆನ್ಗೆ ಸೀತ ಆಯ್ತದೆ. ನಮ್ಮತ್ತೆ...”

“ನಿಮ್ಮತ್ತೆ ಕಾಲ್ದಲ್ಲಿ ಕಿಟಕಿ ಇತ್ತಾ? ಮಂಚದ ಕೆಳಕ್ಕೆ ಕೆಂಡದ ಬಾಂಡ್ಲಿ ಇಡು, ಸಾಕು. ಬಿಸ್ಲು ಬಿದ್ದ ಮದ್ಲನೇ ದಿನಾನೇ ಕೇಳುದ್ನಲ್ಲವ್ವ, ಮಂಚ ಸರ್ಸು ಅಂತ. ನೀನೇನಂದೆ?”

ಏನಂದಿದ್ದೆ ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ‘ಒಂದು ಎತ್ತೋಳು ನೀನು, ಐದು ಎತ್ತೋಳಿಗೆ ಬುದ್ಧಿ ಏಳ್ತೀಯಾ’ ಅಂದಿದ್ದೆ. ಈಗ ಮಂಚದ ಇನ್ನೊಂದು ತುದಿ ಹಿಡಿದೆ.

ಮಂಚ ಸರಿಯಿತು. ಬಿಸಿಲು ಅವಳ ಮೇಲಿನಿಂದ ಹಾದು ಎದುರಿನ ಖಾಲಿ ಗೋಡೆಗೆ ಬಿತ್ತು. ಮಗು ಹಾಲು ಕುಡಿದು ಬಾಯಿ ತೆರೆದುಕೊಂಡೇ ಮಲಗಿತು. ತಾಯಿಯೂ ಮಲಗಿದಳು, ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಗುರುಸಿದ್ದಪ್ಪ ಬಾಗಿಲಲ್ಲಿ ನಿಂತು ಮೆಲ್ಲಗೆ, “ಬೆಳಿಗ್ಗೆ ಬಸ್ಸು ಏಳು ಗಂಟೆಗೆ” ಎಂದರು. ಅವಳು ಕಣ್ಣು ಬಿಡದೆ, “ನೀವ್ ಓಗಿ. ಮೂರು ತಿಂಗ್ಳು ತುಂಬ್ಲಿ, ಬತ್ತೀನಿ” ಎಂದಳು. ಓವರ್ಸಿಯರು ಕೈಯಲ್ಲಿದ್ದ ಅಳತೆ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಮಾದಪ್ಪ ಗೋಡೆಗೆ ಕೊರೆಯಲು ಶುರುಮಾಡಿದ್ದ ತೂತನ್ನು ಸಗಣಿ ಮಣ್ಣು ಕಲಸಿ ನಾನೇ ಮುಚ್ಚಿದೆ.

ಮಾರನೆಯ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಚೆನ್ನಾಜಮ್ಮ ಅಭ್ಯಾಸದಂತೆ ಬಂದು ಹಗ್ಗ ಎಳೆದು ಇಣುಕಿದಳು. ಬರೀ ಗೋಡೆ.

“ಅಯ್ಯೋ, ಬಾಣಂತಿ ಓಗ್ಬುಟ್ಲಾ ಅಕ್ಕ?”

“ಇಲ್ಲೇ ಅವ್ಳೆ. ಕಿಟಕಿ ಬುಡದಲ್ಲಿ. ಮಂಚ ಸರ್ಸುದ್ದೊ.”

“ಅಷ್ಟೇಯಾ! ಗಂಡಸ್ರು ಅಷ್ಟು ದಿನ ಒದ್ದಾಡುದ್ರಲ್ಲ, ಯಾರ್ಗಕ್ಕ ಒಳೀತು ಇದು?”

ಚೊಂಬು ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡೆ.

“ಇನ್ಯಾರ್ಗೆ? ನಂಗೇ” ಎಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಅವಳ ಹಿಂದೆಯೇ ಅವಳ ಮನೆಗೆ ಹೋಗಿ, ಬೇಡ ಬೇಡ ಎಂದರೂ ಕೇಳದೆ, ಅವಳ ಬಸುರಿ ಸೊಸೆಯ ಮಂಚ ಯಾವ ಗೋಡೆಗಿರಬೇಕು ಎಂದು ತೋರಿಸಿಕೊಟ್ಟು ಬಂದೆ.