ವೆಂಕಣ್ಣನ ಚೀನಾ ಕೊಳಲು

ಅಮರಗೋಳದ ಮೆಣಸಿನಕಾಯಿ ವ್ಯಾಪಾರಿ ಗುರುಶಿದ್ದಪ್ಪ ಕೇಳಿದ್ದು ಇಷ್ಟೆ: "ಚೀನಾದಿಂದ ಸಾಹೇಬ್ರು ಖರೀದಿಗೆ ಬರಾಕತ್ತಾರ. ಅವರ ಹೊಸವರ್ಷದ ಹಾಡು ಯಾರಿಗರ ಬರ್ತದೇನ್ರಿ?" ಅಂಗಡಿಯ ಉಳಿದವರು ತಲೆ ಎತ್ತುವುದರೊಳಗೆ ಗುಮಾಸ್ತ ವೆಂಕಣ್ಣ ಕೈ ಎತ್ತಿಬಿಟ್ಟಿದ್ದ. ಶುಕ್ರವಾರದ ಭಜನೆಗೆ ಕೊಳಲು ನುಡಿಸುವವನಿಗೆ ಚೀನಾ ಏನು ಮಹಾ ದೂರ!

ಎಲ್ಲಿಂದಲೋ ಕ್ಯಾಸೆಟ್ ತಂದು ಒಂದೇ ತಿಂಗಳಲ್ಲಿ ಹಾಡು ಕಲಿತ. ಚೀನಾ ಕೊಳಲಿಗೆ ಒಂದು ತೂತು ಹೆಚ್ಚು, ಅದಕ್ಕೆ ತೆಳು ಪೊರೆ ಅಂಟಿಸಿದರೇ ಸ್ವರ ಮೂಗಿನಿಂದ ಬಂದಂತೆ ಝುಂ ಎನ್ನುವುದು ಎಂದು ಯಾರೋ ಹೇಳಿದರು. ಕಾಯಿಸಿದ ಮೊಳೆಯಿಂದ ತನ್ನ ಭಜನೆಯ ಕೊಳಲಿಗೇ ಆ ತೂತೂ ಕೊರೆದ.

ಸಾಹೇಬರು ಬರುವ ದಿನ ಬೆಳಿಗ್ಗೆ ಕೆಲಗೇರಿಯ ಮನೆಯಲ್ಲಿ ಹೆಂಡತಿ ಸುಹಾಸಿನಿ ತಲೆ ಮೇಲೆ ಕೈಹೊತ್ತು ಕೂತಿದ್ದಳು. "ಒಂದು ಪೊರಿ ಸಲುವಾಗಿ ಎರಡು ಕಿಲೋ ಉಳ್ಳಾಗಡ್ಡಿ ಸುಲದೀರಿ. ಇದನ್ನೆಲ್ಲಾ ಯಾರು ತಿನ್ನೋರು?"

ವೆಂಕಣ್ಣ ಪೊರೆ ಅಂಟಿಸಿ ಊದಿದ್ದೇ ತಡ, ಪಕ್ಕದ ಮನೆಯ ನಿವೃತ್ತ ಸಂಗೀತ ಮಾಸ್ತರ ಏಕನಾಥರು ಕಂಪೌಂಡಿನ ಮೇಲೆ ಮುಖ ತೋರಿಸಿದರು.

"ಭೂಪ ರಾಗ ಏನೋ ವೆಂಕಣ್ಣಾ?"

"ಚೀನಾದ್ದರೀ ಮಾಸ್ತರ."

"ಹಂಗಾರ ಭೂಪಗ ಅಲ್ಲೆ ನೆಗಡಿ ಆಗೇದ!"

ವೆಂಕಣ್ಣ ಜಗ್ಗಲಿಲ್ಲ. ಬಾಣಂತಿ ಕೂಸನ್ನು ಎತ್ತಿಕೊಂಡಂತೆ ಕೊಳಲನ್ನು ಎದೆಗವಚಿ ಬಸ್ಸಿನಲ್ಲಿ ಅಮರಗೋಳ ಮುಟ್ಟಿದ. ಅಂಗಡಿಯಲ್ಲಿ ಮೆಣಸಿನಕಾಯಿ ಘಾಟಿಗೆ ಒಂದೇ ಒಂದು ಸೀನು ಬಂತು. ಪೊರೆ ಹಾರಿ ಹೋಯಿತು. ಪಕ್ಕದ ಈರುಳ್ಳಿ ಅಡತಿ ಅಂಗಡಿಗೆ ಓಡಿ, ಅಳುತ್ತ ಸುಲಿದು, ಹೊಸ ಪೊರೆ ಅಂಟಿಸಿಕೊಂಡು ಬರುವಷ್ಟರಲ್ಲಿ ಸಾಹೇಬರು ಬಂದು ಕೂತಾಗಿತ್ತು. ದರದ ಮಾತು ಮಾತ್ರ ಕೆಸರಿಗೆ ಬಿದ್ದ ಎಮ್ಮೆಯಂತೆ ಅಲುಗದೆ ನಿಂತಿತ್ತು.

"ನುಡಸ್ರಿ ವೆಂಕಣ್ಣಾರ!" ಎಂದ ಗುರುಶಿದ್ದಪ್ಪ.

ವೆಂಕಣ್ಣ ನುಡಿಸಿದ. ಒಂದು ಸ್ವರವೂ ತಪ್ಪಲಿಲ್ಲ. ಸಾಹೇಬರ ಕಣ್ಣಲ್ಲಿ ನೀರು!

"ಊರು ನೆನಪಾತು ಅವರಿಗೆ. ಇನ್ನೊಮ್ಮೆ!" ಗುರುಶಿದ್ದಪ್ಪ ಪಿಸುಗುಟ್ಟಿದ. ವೆಂಕಣ್ಣ ದ್ರುತ ಲಯಕ್ಕೆ ಏರಿಸಿದ. ಸಾಹೇಬರು ದಡಕ್ಕನೆ ಎದ್ದು ಕಾಗದ ಎಳೆದುಕೊಂಡು ಸಹಿ ಹಾಕಿಯೇಬಿಟ್ಟರು.

'ಇದಪ್ಪಾ ಕಲೆಯ ಶಕ್ತಿ!' ವೆಂಕಣ್ಣನ ಎದೆ ಉಬ್ಬಿತು. ಸಾಹೇಬರ ಜೊತೆ ಬಂದಿದ್ದ ಹುಬ್ಬಳ್ಳಿಯವನೇ ಆದ ದುಭಾಷಿ ಕೇದಾರನನ್ನು ಕೇಳಿದ, "ಏನಂತಾರ್ರೀ ಸಾಹೇಬ್ರು?"

ಕೇದಾರ ಗಂಟಲು ಸರಿಮಾಡಿಕೊಂಡ. "ಅವರ ಊರಾಗ ಹಬ್ಬ ಬಂತಂದ್ರ ಹದಿನೈದು ದಿನ ಎಲ್ಲಾ ಅಂಗಡ್ಯಾಗೂ ಮುಂಜಾನಿಂದ ಸಂಜಿತನಕ ಇದೇ ಹಾಡಂತ್ರಿ. ಅದರ ಕಾಟ ತಾಳಲಾರದ ಹಬ್ಬ ಬಿಟ್ಟು ಇಲ್ಲಿಗೆ ಓಡಿ ಬಂದಾರಂತ. ನೀವು ಹೇಳಿದ ದರಾನ ಖರೇ, ಅದನ್ನ ಮಾತ್ರ ನಿಲ್ಲಸ್ರಿ ಅಂತಾರ."

ವೆಂಕಣ್ಣ ಮುಖ ಇಳಿಸಿಕೊಂಡು ಕೊಳಲನ್ನು ಚೀಲಕ್ಕೆ ಹಾಕತೊಡಗಿದ. ಗುರುಶಿದ್ದಪ್ಪ ಬಂದು ಪ್ರೀತಿಯಿಂದ ಬೆನ್ನು ತಟ್ಟಿದ.

"ಕೊಳಲ ಇಲ್ಲೇ ಇರ್ಲಿರಿ. ನಾಳೆ ಮುಂಬೈ ವ್ಯಾಪಾರಿ ಬರಾಂವ ಅದಾನ. ಭಾಳ ಚೌಕಾಶಿ ಮನಷಾ!"